ಕುರಿಗಾರನ ಕಂಬಳಿ ಮತ್ತು ಗೆರ್ ಮನೆಯ ನೆಲಗಟ್ಟು

ಡಿಸೆಂಬರ್ ತಿಂಗಳ ರಾತ್ರಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಲಗಳಲ್ಲಿ ಎರಡು ಬಗೆಯ ಜನ ಬಯಲಿನಲ್ಲಿ ಮಲಗಿರುತ್ತಾರೆ. ಒಬ್ಬ ಕುರಿಗಾರ. ಕೊಯ್ಲಾದ ಹೊಲದಲ್ಲಿ ಕುರಿಗಳನ್ನು ತರುಬಿ, ಮಂದೆಯ ಪಕ್ಕದ ನೆಲದ ಮೇಲೆಯೇ ಕಂಬಳಿ ಹಾಸಿ ಮತ್ತೊಂದನ್ನು ಹೊದ್ದು ಮಲಗುತ್ತಾನೆ. ಇನ್ನೊಬ್ಬ ಬಿಳಿಜೋಳದ ಬೆಳೆಯನ್ನು ಹಂದಿಗಳಿಂದ ಕಾಯುವ ರೈತ. ಅವನು ನಾಲ್ಕು ಗೂಟಗಳ ಮೇಲೆ ಕಟ್ಟಿದ ಅಟ್ಟಣಿಗೆಯ ಮೇಲೆ ಮಲಗುತ್ತಾನೆ. ಇಬ್ಬರ ಬಳಿಯೂ ಅದೇ ಕಂಬಳಿ. ಗಾಳಿ ಬೀಸುವ ರಾತ್ರಿ ಹೆಚ್ಚು ಚಳಿಯಾಗುವುದು ಯಾರಿಗೆ?

ಅಟ್ಟಣಿಗೆಯ ಮೇಲೆ ಮಲಗಿದವನಿಗೆ. ಮೇಲಿನ ಚಳಿಯನ್ನು ಕಂಬಳಿ ತಡೆದರೂ ಕೆಳಗಿನಿಂದ ಬೀಸುವ ಗಾಳಿ ಹಲಗೆಯ ಸಂದುಗಳಿಂದ ನುಗ್ಗಿ ಬೆನ್ನನ್ನು ಕೊರೆಯುತ್ತದೆ. ಚಳಿ ಎಂದರೆ ನಾವು ಮೇಲಿನಿಂದ ಬರುವುದು ಎಂದೇ ಭಾವಿಸುತ್ತೇವೆ. ಮನೆಯ ಇತಿಹಾಸ ಬರೆಯುವವರೂ ಗೋಡೆ, ಛಾವಣಿಗಳ ಬಗ್ಗೆ ಬರೆಯುವಷ್ಟು ನೆಲದ ಬಗ್ಗೆ ಬರೆಯುವುದಿಲ್ಲ. ಆದರೆ ಹಿಮದ ನಾಡುಗಳಲ್ಲಿ ಡೇರೆ ಹೂಡಿ ಬದುಕಿದ ಜನರ ಇತಿಹಾಸವನ್ನು ನೋಡಿದರೆ, ಅವರು ಛಾವಣಿಯ ಸಮಸ್ಯೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಬಗೆಹರಿಸಿದ್ದರು; ನೆಲದ ಸಮಸ್ಯೆ ಮಾತ್ರ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂತು ಎಂಬುದು ಕಾಣುತ್ತದೆ.

ನಮ್ಮ ನೆಲ, ಅವರ ನೆಲ

ಭೂಮಿಯನ್ನು ಕೆಲವು ಮೀಟರ್ ಆಳಕ್ಕೆ ಅಗೆದರೆ, ಅಲ್ಲಿನ ಉಷ್ಣತೆ ಹಗಲು ರಾತ್ರಿಗೆ, ಬೇಸಿಗೆ ಚಳಿಗಾಲಕ್ಕೆ ಹೆಚ್ಚು ಬದಲಾಗುವುದಿಲ್ಲ. ಅದು ಆ ಊರಿನ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಯ ಹತ್ತಿರವೇ ಇರುತ್ತದೆ. ಬೆಳಗಾವಿ ಜಿಲ್ಲೆಯ ಬಯಲು ಸೀಮೆಯಲ್ಲಿ ಇದು ಸುಮಾರು 25 ಡಿಗ್ರಿ ಸೆಲ್ಸಿಯಸ್. ಹೀಗಾಗಿ ಬೆಳಗಿನ ಜಾವ ಗಾಳಿ 12-13 ಡಿಗ್ರಿಗೆ ಇಳಿದಾಗಲೂ ನಮ್ಮ ನೆಲ ಒಳಗಿನಿಂದ ಬೆಚ್ಚಗಿರುತ್ತದೆ. ಉತ್ತರ ಕರ್ನಾಟಕದ ರೈತರು ಜೋಳವನ್ನು ಹಗೇವಿನಲ್ಲಿ, ಸುತ್ತ ಒಣ ಹುಲ್ಲು ಹೊಟ್ಟು ತುಂಬಿ, ತುಂಬಿಡುತ್ತಿದ್ದುದರ ಹಿಂದೆಯೂ ಇದೇ ತಿಳಿವಳಿಕೆ ಇತ್ತು. ಇಲ್ಲಿ ನೆಲ ನಮ್ಮ ಗೆಳೆಯ. ಕುರಿಗಾರನಿಗೆ ಕೆಳಗೆ ಒಂದು ಕಂಬಳಿ ಸಾಕಾಗುವುದು ಇದರಿಂದಲೇ.

ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ವಾರ್ಷಿಕ ಸರಾಸರಿ ಸೊನ್ನೆಯ ಆಸುಪಾಸು. ಜನವರಿಯ ಸರಾಸರಿ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ. ಅಲ್ಲಿನ ನೆಲ ಎಷ್ಟು ಶಾಖ ಕೊಟ್ಟರೂ ಹೀರಿಕೊಳ್ಳುತ್ತಲೇ ಇರುತ್ತದೆ. ಲಡಾಖಿನ ಎತ್ತರದ ಬಯಲುಗಳಲ್ಲೂ ಹೀಗೆಯೇ. ಅಲ್ಲಿನ ಚಾಂಗ್ಪಾ ಕುರಿಗಾರರು ಯಾಕ್ ಕೂದಲಿನ 'ರೆಬೊ' ಡೇರೆಗಳನ್ನು ಗಿಡ್ಡ ಕಲ್ಲುಗೋಡೆಯ ಸುತ್ತಿನೊಳಗೆ ಹೂಡುವುದುಂಟು. ಬುಡದಿಂದ ನುಗ್ಗುವ ಗಾಳಿಯನ್ನು ತಡೆಯುವುದು ಇದರ ಉದ್ದೇಶ.

ನೇಯ್ದ ಉಣ್ಣೆ, ಒತ್ತಿದ ಉಣ್ಣೆ

ನಮ್ಮ ಕುರಿಗಾರನ ಬಳಿ ಇರುವುದೂ ಮಂಗೋಲನ ಬಳಿ ಇರುವುದೂ ಒಂದೇ ವಸ್ತು: ಕುರಿಯ ಉಣ್ಣೆ. ಆದರೆ ಇಬ್ಬರೂ ಅದನ್ನು ಬೇರೆ ಬೇರೆ ರೀತಿಯಲ್ಲಿ ಬಳಸಿದರು.

ಬೆಳಗಾವಿ ಸೀಮೆಯ ಕುರುಬರು ಸಾಕುತ್ತ ಬಂದದ್ದು ದಖನಿ ತಳಿಯ ಕುರಿ. ಅದರ ಉಣ್ಣೆ ಹೆಚ್ಚಾಗಿ ಕಪ್ಪು, ಒರಟು, ಕೂದಲು ಬೆರೆತದ್ದು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸಿ, ಹಿಂಜಿ, ಮನೆಯ ಹೆಣ್ಣುಮಕ್ಕಳು ನೂಲು ತೆಗೆಯುತ್ತಿದ್ದರು. ಕುಣಿ ಮಗ್ಗದಲ್ಲಿ ನೇಯುತ್ತಿದ್ದರು. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದು ಈ ಕಸುಬಿನ ಗುಟ್ಟು. ಗಂಜಿ ನೂಲನ್ನು ಗಟ್ಟಿಗೊಳಿಸುತ್ತದೆ, ನೇಯ್ಗೆಯ ಸಂದುಗಳನ್ನು ತುಂಬುತ್ತದೆ, ಮಳೆನೀರು ಜಾರುವಂತೆ ಮಾಡುತ್ತದೆ. ಮಳೆ ತಡೆಯುವ ಕಪ್ಪು ಕಂಬಳಿ ಹಳೆಯ ವಸ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ನೇಪಾಳದಿಂದ ಬರುವ ಅಂಥ ಕಂಬಳಿಯ ಪ್ರಸ್ತಾಪವಿದೆ. ತಲೆಯ ಮೇಲೆ ಕೊಪ್ಪೆಯಂತೆ ಹಾಕಿಕೊಳ್ಳಲು, ನಡೆಯುವಾಗ ಹೆಗಲಿಗೆ ಹೊರಲು, ರಾತ್ರಿ ಹಾಸಿಕೊಳ್ಳಲು ನೇಯ್ದ ಕಂಬಳಿಯೇ ಸರಿ.

ಮಧ್ಯ ಏಷ್ಯದ ಹುಲ್ಲುಗಾವಲಿನವರು ನೇಯಲಿಲ್ಲ, ಒತ್ತಿದರು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಒದ್ದೆ ಮಾಡಿ ಒತ್ತಿ ಉರುಳಿಸಿದಾಗ ಈ ಪದರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಿಡಿಸಲಾಗದ ದಪ್ಪ ಹಾಳೆಯಾಗುತ್ತದೆ. ಇದೇ ಫೆಲ್ಟ್, ಕಾಶ್ಮೀರದ ನಮದಾ ಇದರ ಬಂಧು. ಮಂಗೋಲರು ಉಣ್ಣೆಯನ್ನು ಬಡಿದು, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆಗೆ ಕಟ್ಟಿ ಹುಲ್ಲುಗಾವಲಿನಲ್ಲಿ ಎಳೆಸುತ್ತಾರೆ. ನೂಲು ಬೇಡ, ಮಗ್ಗ ಬೇಡ. ಮೈಮೇಲೆ ಹೊದೆಯಲು ಫೆಲ್ಟ್ ಅಷ್ಟು ಅನುಕೂಲವಲ್ಲ. ಮನೆಗೆ ಹೊದಿಸಲು ಅದಕ್ಕಿಂತ ಒಳ್ಳೆಯದಿಲ್ಲ.

ಫೆಲ್ಟ್ ಎಷ್ಟು ಹಳೆಯದು? ಅಲ್ತಾಯ್ ಪರ್ವತಗಳ ಪಜಿರಿಕ್ ಎಂಬಲ್ಲಿ ರಷ್ಯದ ಪುರಾತತ್ತ್ವಜ್ಞ ಸೆರ್ಗೆಯ್ ರುಡೆಂಕೊ 1929ರಲ್ಲಿ ಮತ್ತು 1940ರ ದಶಕದ ಕೊನೆಯಲ್ಲಿ ಅಗೆದ ಗೋರಿಗಳಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಬಣ್ಣದ ಫೆಲ್ಟ್‌ಗಳು ಕೊಳೆಯದೆ ಸಿಕ್ಕವು. ನೆಲದ ಮಂಜುಗಡ್ಡೆಯೇ ಅವುಗಳನ್ನು ಕಾಪಾಡಿತ್ತು. ಅವರ ನೆಲ ಎಷ್ಟು ತಣ್ಣಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೂಡ, ಚಳಿಗಾಲದಲ್ಲಿ ಮರಕ್ಕೆ ಬಿಳಿಯ ಫೆಲ್ಟ್ ಹೊದಿಸಿ ಅದರಡಿ ಬದುಕುವ ಜನರ ಬಗ್ಗೆ ಬರೆದಿದ್ದಾನೆ.

ಬಂಡಿಯ ಮೇಲಿನ ಮನೆ

ಮಂಗೋಲರು 'ಗೆರ್' ಎಂದೂ ತುರ್ಕಿ ಮೂಲದ ಭಾಷೆಗಳ ಮೂಲಕ ಹೊರಜಗತ್ತು 'ಯುರ್ತ್' ಎಂದೂ ಕರೆಯುವ ದುಂಡು ಡೇರೆಯ ರಚನೆ ಸರಳ. ಹಿಗ್ಗಿಸಿ ಕುಗ್ಗಿಸಬಹುದಾದ ಮರದ ಜಾಲರಿಯ ಗೋಡೆ. ಅದರ ಮೇಲಿನಿಂದ ನಡುವಿನ ಮರದ ಚಕ್ರಕ್ಕೆ ತಾಗುವ ಗಳಗಳು. ಇಷ್ಟರ ಮೇಲೆ ಫೆಲ್ಟ್ ಹೊದಿಕೆ. ಚಳಿಗಾಲದಲ್ಲಿ ಎರಡು ಮೂರು ಪದರ. ದುಂಡಗಿರುವುದರಿಂದ ಗಾಳಿ ಯಾವ ದಿಕ್ಕಿನಿಂದ ಬಂದರೂ ಬಳಸಿಕೊಂಡು ಹೋಗುತ್ತದೆ. ಬಿರುಗಾಳಿ ಬಂದಾಗ ನಡುವಿನ ಚಕ್ರದಿಂದ ಇಳಿಬಿಟ್ಟ ಹಗ್ಗಕ್ಕೆ ಭಾರ ಕಟ್ಟುತ್ತಾರೆ. ಗೆರ್ ಕಟ್ಟುವ ಮಂಗೋಲಿಯದ ಕಸುಬನ್ನು 2013ರಲ್ಲಿ, ಕಜಕ್ ಮತ್ತು ಕಿರ್ಗಿಜ್ ಯುರ್ತ್‌ಗಳ ಕಸುಬನ್ನು 2014ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

1253ರಿಂದ 1255ರವರೆಗೆ ಮಂಗೋಲರ ನಾಡಿನಲ್ಲಿ ಪ್ರಯಾಣ ಮಾಡಿದ ಕ್ರೈಸ್ತ ಸನ್ಯಾಸಿ, ರುಬ್ರುಕ್‌ನ ವಿಲಿಯಂ, ಒಂದು ಅಚ್ಚರಿಯನ್ನು ಅಳತೆ ಮಾಡಿಯೇ ದಾಖಲಿಸಿದ. ಶ್ರೀಮಂತರ ಡೇರೆಗಳನ್ನು ಬಿಚ್ಚದೆ ಇಡಿಯಾಗಿ ಬಂಡಿಯ ಮೇಲೇರಿಸಿ ಸಾಗಿಸುತ್ತಿದ್ದರು. ಒಂದು ಬಂಡಿಯ ಗಾಲಿಗಳ ನಡುವಿನ ಅಂತರ 20 ಅಡಿ. ಮನೆ ಎರಡೂ ಕಡೆ ಕನಿಷ್ಠ 5 ಅಡಿ ಹೊರಚಾಚಿತ್ತು. ಎಳೆಯಲು 22 ಎತ್ತುಗಳು. ನೆಲದಿಂದ ಮೇಲೆತ್ತಿದ ಗೆರ್‌ನ ನೆಲಗಟ್ಟು ಎಂದರೆ ಇದೇ ಎನ್ನಬಹುದು. ಆದರೆ ಅದು ಸಾಗಣೆಗಾಗಿ ಮಾತ್ರ. ಬೀಡು ಬಿಟ್ಟಾಗ ಮನೆಯನ್ನು ನೆಲಕ್ಕಿಳಿಸಿ, ಒಳಗೆ ಫೆಲ್ಟ್ ಹಾಸುತ್ತಿದ್ದರು. ಬುಡದ ಸುತ್ತ ಒಂದು ಪಟ್ಟಿ ಬಿಗಿದು ಗಾಳಿ ತಡೆಯುತ್ತಿದ್ದರು. ಬೇಸಿಗೆಯಲ್ಲಿ ಅದೇ ಬುಡವನ್ನು ಎತ್ತಿ ಗಾಳಿಯಾಡಲು ಬಿಡುತ್ತಿದ್ದರು. ವರ್ಷಕ್ಕೆ ಹಲವು ಬಾರಿ ಜಾಗ ಬದಲಿಸುವವರಿಗೆ ಭಾರದ ನೆಲಗಟ್ಟು ಹೊರೆಯೇ ಸರಿ. ಅಲೆದಾಟ ನಿಂತು ಜನ ಒಂದೆಡೆ ನೆಲೆಸಿದಾಗಲೇ ನೆಲದ ಪ್ರಶ್ನೆ ಎದುರಾದದ್ದು.

ಬೆಚ್ಚಗಿಡುವುದು ಉಣ್ಣೆಯಲ್ಲ, ಗಾಳಿ

ಉಣ್ಣೆ ಏಕೆ ಬೆಚ್ಚಗಿಡುತ್ತದೆ? ಇದಕ್ಕೆ ಪ್ರಯೋಗದಿಂದ ಉತ್ತರ ಹುಡುಕಿದವನು ರಂಫರ್ಡ್ ಪ್ರಭು ಎಂದು ಹೆಸರಾದ ಬೆಂಜಮಿನ್ ಥಾಮ್ಸನ್. ಬವೇರಿಯದ ಸೈನ್ಯಕ್ಕೆ ಒಳ್ಳೆಯ ಬಟ್ಟೆ ಒದಗಿಸುವ ಹೊಣೆ ಅವನ ಮೇಲಿತ್ತು. ಉಣ್ಣೆ, ತುಪ್ಪಳ, ಗರಿ, ರೇಷ್ಮೆ ಮುಂತಾದವನ್ನು ಉಷ್ಣತಾಮಾಪಕದ ಸುತ್ತ ತುಂಬಿ, ಎಷ್ಟು ಹೊತ್ತಿಗೆ ತಣಿಯುತ್ತದೆ ಎಂದು ಅಳೆದ. 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ. ಶಾಖವನ್ನು ತಡೆಯುವುದು ಎಳೆಗಳಲ್ಲ, ಎಳೆಗಳ ನಡುವೆ ಅಲುಗಾಡದೆ ಸಿಕ್ಕಿಬಿದ್ದ ಗಾಳಿ ಎಂಬುದು ಅವನ ತೀರ್ಮಾನ. ಗಾಳಿ ಉಷ್ಣವನ್ನು ವಹನ ಮಾಡುವುದೇ ಇಲ್ಲ ಎಂದು ಅವನು ಹೇಳಿದ್ದು ಮಾತ್ರ ಅತಿಯಾಯಿತು. ವಹನ ಇದೆ, ಬಹಳ ಕಡಿಮೆ.

ಇಂದಿನ ಅಂಕಿಗಳನ್ನು ನೋಡೋಣ. ಉಷ್ಣವಾಹಕತೆಯನ್ನು ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ನಿಶ್ಚಲ ಗಾಳಿಗೆ ಸುಮಾರು 0.025, ಸಡಿಲ ಉಣ್ಣೆಗೆ 0.04, ಒಣ ಮರಕ್ಕೆ 0.12, ನೀರಿಗೆ 0.6, ಮಂಜುಗಡ್ಡೆಗೆ 2.2. ಉಣ್ಣೆ ಗಾಳಿಯ ಹತ್ತಿರವೇ ಇದೆ. ಅದೇ ಉಣ್ಣೆಯ ಸಂದುಗಳಲ್ಲಿ ನೀರು ತುಂಬಿಕೊಂಡರೆ ರಕ್ಷಣೆ ಹೋಯಿತು. ಆದರೆ ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರಾವಿಯನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರಿಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ತುಂತುರು ಮಳೆಯಲ್ಲಿ ಕುರಿಗಾರ ಕಂಬಳಿಯೊಳಗೆ ಬೆಚ್ಚಗಿರುವುದಕ್ಕೆ ಇದೂ ಒಂದು ಕಾರಣ.

ಗಾಳಿ ನಿಂತಿರುವವರೆಗೆ ಹೊದಿಕೆ, ಬೀಸಿದರೆ ಕಳ್ಳ. ಇದನ್ನು ಅಳೆದವರು ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1941ರಲ್ಲಿ ಅಂಟಾರ್ಕ್ಟಿಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ 250 ಗ್ರಾಂ ನೀರು ತುಂಬಿ, ಬೇರೆ ಬೇರೆ ಗಾಳಿಯ ವೇಗದಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಗುರುತಿಸಿದರು. 1945ರಲ್ಲಿ ಪ್ರಕಟವಾದ ಈ ಕೆಲಸದಿಂದಲೇ ಹವಾಮಾನ ವರದಿಗಳ 'ಗಾಳಿಚಳಿ' ಸೂಚ್ಯಂಕ ಹುಟ್ಟಿತು. ಅಟ್ಟಣಿಗೆಯ ಮೇಲಿನ ರೈತನ ಅನುಭವಕ್ಕೆ ಅಂಕಿ ದೊರೆತದ್ದು ಹೀಗೆ.

ಹಿಮದ ಮೇಲೆ ನೆಲಗಟ್ಟು

ನೆಲದ ಚಳಿಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಧ್ರುವಯಾತ್ರಿಗಳು ಸೇರುತ್ತಾರೆ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1893ರಲ್ಲಿ ಉತ್ತರ ಧ್ರುವ ಸಾಗರಕ್ಕೆ ಒಯ್ದ 'ಫ್ರಾಮ್' ಹಡಗಿನ ಕೋಣೆಯ ನೆಲಕ್ಕೆ 15 ಸೆಂಟಿಮೀಟರಿಗೂ ದಪ್ಪನೆಯ ಕಾರ್ಕ್ ಹಾಸು, ಅದರ ಮೇಲೆ ಮರದ ಹಲಗೆ, ಮೇಲೆ ಲಿನೋಲಿಯಂ ಹಾಕಿಸಿದ್ದ. ಗೋಡೆಗಳಲ್ಲಿ ಫೆಲ್ಟ್, ಛಾವಣಿಯಲ್ಲಿ ಹಿಮಸಾರಂಗದ ಕೂದಲಿನ ಪದರಗಳಿದ್ದವು.

ಭಾರತಕ್ಕೂ ಈ ಪಾಠ ಸಿಕ್ಕಿತು. 1983-84ರ ಮೂರನೆಯ ಅಂಟಾರ್ಕ್ಟಿಕ ಯಾತ್ರೆಯಲ್ಲಿ ನಮ್ಮವರು ಹಿಮದ ಹಾಸಿನ ಮೇಲೆ 'ದಕ್ಷಿಣ ಗಂಗೋತ್ರಿ' ನಿಲ್ದಾಣ ಕಟ್ಟಿದರು. ಗಾಳಿ ತಂದು ಸುರಿದ ಹಿಮದಲ್ಲಿ ಅದು ಹೂತುಹೋಗುತ್ತ ಬಂದು, ಆ ದಶಕ ಮುಗಿಯುವಷ್ಟರಲ್ಲಿ ವಾಸ ನಿಲ್ಲಿಸಬೇಕಾಯಿತು. 1989ರಲ್ಲಿ ಸಿದ್ಧವಾದ 'ಮೈತ್ರಿ'ಯನ್ನು ಬಂಡೆನೆಲದ ಮೇಲೆ, ಉಕ್ಕಿನ ಕಾಲುಗಳ ಮೇಲೆತ್ತಿ ಕಟ್ಟಿದರು. ಕೆಳಗೆ ಗಾಳಿ ಹಾಯ್ದು ಹೋಗುವುದರಿಂದ ಹಿಮ ಗುಡ್ಡೆಯಾಗುವುದು ಕಡಿಮೆ. ಹೆಪ್ಪುಗಟ್ಟಿದ ಮಣ್ಣಿನ ಸೈಬೀರಿಯದಲ್ಲೂ ಮನೆಗಳನ್ನು ಕಾಲುಗಳ ಮೇಲೆ ಕಟ್ಟುತ್ತಾರೆ; ಇಲ್ಲವಾದರೆ ಮನೆಯ ಶಾಖಕ್ಕೆ ನೆಲವೇ ಕರಗಿ ಮನೆ ಕುಸಿಯುತ್ತದೆ. ಆದರೆ ಮೇಲೆತ್ತಿದ ಕೂಡಲೇ ಅಟ್ಟಣಿಗೆಯ ರೈತನ ಪಾಡು ಬರುತ್ತದೆ. ನೆಲಗಟ್ಟಿನ ಒಳಗೆ ಶಾಖ ತಡೆಯುವ ದಪ್ಪ ಪದರ ಇರಲೇಬೇಕು.

ನೆಲಗಟ್ಟು ಹೇಗಿರಬೇಕು?

ಚಳಿ ಮತ್ತು ಗಾಳಿ ಎರಡೂ ಇರುವ ಬೆಟ್ಟದ ಮೇಲೆ ಗೆರ್ ಹೂಡುವುದಾದರೆ ನೆಲಗಟ್ಟಿನ ರಚನೆ ಹೀಗೆ. ಕಲ್ಲು ಅಥವಾ ಮರದ ಕಂಬಗಳ ಮೇಲೆ, ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ ತೊಲೆಗಳ ಚೌಕಟ್ಟು. ಅದರ ತಳಕ್ಕೆ ಇಲಿ ನುಗ್ಗದಂತೆ ಜಾಲರಿ ಮತ್ತು ಹಲಗೆ. ತೊಲೆಗಳ ನಡುವೆ ಉಣ್ಣೆ ಅಥವಾ ಬೇರೆ ಅವಾಹಕ. ಅದರ ಮೇಲೆ, ಎಂದರೆ ಬೆಚ್ಚಗಿನ ಬದಿಯಲ್ಲಿ, ನೀರಾವಿ ಇಳಿಯದಂತೆ ಒಂದು ಹಾಳೆ. ಇಲ್ಲದಿದ್ದರೆ ಉಸಿರಿನ, ಅಡುಗೆಯ ಆವಿ ಕೆಳಗಿಳಿದು ತಣ್ಣಗಿನ ಭಾಗದಲ್ಲಿ ನೀರಾಗುತ್ತದೆ. ಎಲ್ಲದರ ಮೇಲೆ ಸಂದಿಲ್ಲದಂತೆ ಜೋಡಿಸಿದ ಹಲಗೆ. ನೆಲಗಟ್ಟು ಡೇರೆಯ ಅಳತೆಗೆ ಸರಿಯಾಗಿ ದುಂಡಗಿರಬೇಕು. ಹೊರಚಾಚಿದರೆ ಗೋಡೆಯಿಂದ ಇಳಿದ ನೀರು ಅಲ್ಲಿ ನಿಂತು ಒಳಗೆ ಬರುತ್ತದೆ. ಹೊದಿಕೆಯ ಅಂಚು ನೆಲಗಟ್ಟಿನ ಅಂಚಿಗಿಂತ ಕೆಳಗಿಳಿದಿರಬೇಕು. ಹಿಮ ಗುಡ್ಡೆಯಾಗದ, ನೆಲ ಕರಗುವ ಭಯವಿಲ್ಲದ ಕಡೆ ಸುತ್ತ ಕಲ್ಲು ಅಥವಾ ಹಲಗೆಯ ಮರೆ ಕಟ್ಟಿ ಕೆಳಗಿನ ಗಾಳಿಯನ್ನು ನಿಲ್ಲಿಸಬೇಕು.

ಡೇರೆಯನ್ನು ನೆಲಗಟ್ಟಿಗೂ ನೆಲಗಟ್ಟನ್ನು ಭೂಮಿಗೂ ಬಿಗಿಯುವುದನ್ನು ಮರೆಯುವಂತಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯ ಒತ್ತಡ, 3,500 ಮೀಟರ್ ಎತ್ತರದ ತೆಳು ಗಾಳಿಯಲ್ಲೂ, ಚದರ ಮೀಟರಿಗೆ ಸುಮಾರು 330 ನ್ಯೂಟನ್. 5 ಮೀಟರ್ ವ್ಯಾಸದ ಡೇರೆಯ ಛಾವಣಿಯನ್ನು ಅದು ಪೂರ್ತಿಯಾಗಿ ಮೇಲಕ್ಕೆಳೆದರೆ ಸುಮಾರು 650 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ.

ಈಗ ಶಾಖದ ಲೆಕ್ಕ. ಇದನ್ನು ಪದವಿಪೂರ್ವ ತರಗತಿಯಲ್ಲಿಯೇ ಮಾಡಿಸಬಹುದು. 5 ಮೀಟರ್ ವ್ಯಾಸದ ನೆಲದ ವಿಸ್ತೀರ್ಣ 19.6 ಚದರ ಮೀಟರ್. ಒಳಗೆ 18 ಡಿಗ್ರಿ, ನೆಲಗಟ್ಟಿನ ಕೆಳಗೆ ಬೀಸುವ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ವ್ಯತ್ಯಾಸ 38. ದಪ್ಪವನ್ನು ಉಷ್ಣವಾಹಕತೆಯಿಂದ ಭಾಗಿಸಿದರೆ ಉಷ್ಣರೋಧ. ಎರಡೂವರೆ ಸೆಂಟಿಮೀಟರ್ ಹಲಗೆಯ ರೋಧ 0.21, ಒಳ ಹೊರ ಮೈಗಳ ಗಾಳಿಯ ಪದರಗಳು ಸೇರಿ ಇನ್ನೂ 0.21, ಒಟ್ಟು 0.42. ವಿಸ್ತೀರ್ಣವನ್ನು ಉಷ್ಣತೆಯ ವ್ಯತ್ಯಾಸದಿಂದ ಗುಣಿಸಿ ರೋಧದಿಂದ ಭಾಗಿಸಿದರೆ, ಬರಿ ಹಲಗೆಯ ನೆಲದಿಂದ ಸೋರುವ ಶಾಖ ಸುಮಾರು 1,770 ವ್ಯಾಟ್. ಒಂದು ದೊಡ್ಡ ವಿದ್ಯುತ್ ಹೀಟರನ್ನು ಹಗಲು ರಾತ್ರಿ ನೆಲದ ಕೆಳಗೆ ಉರಿಸಿದಂತೆ. ನಡುವೆ 10 ಸೆಂಟಿಮೀಟರ್ ಉಣ್ಣೆ ತುಂಬಿದರೆ ರೋಧಕ್ಕೆ 2.5 ಸೇರುತ್ತದೆ. ಮರದ ತೊಲೆಗಳ ಮೂಲಕ ಸೋರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನಷ್ಟ 290 ವ್ಯಾಟ್‌ಗೆ ಇಳಿಯುತ್ತದೆ. ದಿನಕ್ಕೆ ಉಳಿದದ್ದು ಸುಮಾರು 35 ಯೂನಿಟ್ ಶಾಖ. ಒಣ ಕಟ್ಟಿಗೆ ಕಿಲೋಗ್ರಾಮಿಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ. ಒಲೆಯಲ್ಲಿ ಅದರ ಅರ್ಧ ದಕ್ಕಿತು ಎಂದುಕೊಂಡರೆ ದಿನಕ್ಕೆ 17-18 ಕಿಲೋಗ್ರಾಂ ಕಟ್ಟಿಗೆ ಉಳಿಯಿತು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಉಲಾನ್‌ಬಾತರ್ ನಗರದ ಅಂಚಿನ ಗೆರ್ ಬಡಾವಣೆಗಳಲ್ಲಿ ಚಳಿಗಾಲವಿಡೀ ಕಲ್ಲಿದ್ದಲು ಉರಿದು, ಆ ನಗರದ ಗಾಳಿ ಜಗತ್ತಿನ ಅತಿ ಮಲಿನ ಗಾಳಿಗಳಲ್ಲಿ ಒಂದಾಯಿತು. 2019ರಲ್ಲಿ ಅಲ್ಲಿ ಹಸಿ ಕಲ್ಲಿದ್ದಲನ್ನು ನಿಷೇಧಿಸಬೇಕಾಯಿತು. ನೆಲದಿಂದ, ಗೋಡೆಯಿಂದ ಸೋರಿದ ಪ್ರತಿ ವ್ಯಾಟ್ ಶಾಖಕ್ಕೂ ಒಲೆಯಲ್ಲಿ ಅಷ್ಟು ಇಂಧನ ಉರಿಯಬೇಕು. ಆ ಹೊಗೆ ಮಕ್ಕಳ ಎದೆಗೆ ಸೇರುತ್ತದೆ.

ಒಂದು ಮಂದೆಯ ಉಣ್ಣೆ

ಮೇಲಿನ ನೆಲಗಟ್ಟಿಗೆ ಎಷ್ಟು ಉಣ್ಣೆ ಬೇಕು? 19.6 ಚದರ ಮೀಟರ್, 10 ಸೆಂಟಿಮೀಟರ್ ದಪ್ಪ. ಸುಮಾರು 2 ಘನ ಮೀಟರ್. ಘನ ಮೀಟರಿಗೆ 20 ಕಿಲೋಗ್ರಾಮಿನಂತೆ ಸಡಿಲವಾಗಿ ತುಂಬಿದರೆ 40 ಕಿಲೋಗ್ರಾಂ. ದಖನಿ ಕುರಿಯೊಂದರಿಂದ ವರ್ಷಕ್ಕೆ ಅರ್ಧ ಕಿಲೋಗ್ರಾಮಿನ ಆಚೀಚೆ ಉಣ್ಣೆ ಸಿಗುತ್ತದೆ. ತೊಳೆದ ಮೇಲೆ ಇನ್ನೂ ಕಡಿಮೆ. ಹಾಗಾದರೆ ಸುಮಾರು 100 ಕುರಿಗಳ ಒಂದು ವರ್ಷದ ಉಣ್ಣೆ. ಗೋಕಾಕ ಸೀಮೆಯ ಒಂದು ಮಂದೆ ಎಂದರೆ ಹೆಚ್ಚು ಕಡಿಮೆ ಅಷ್ಟೇ.

ಆ ಉಣ್ಣೆ ಈಗ ಏನಾಗುತ್ತಿದೆ? 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ಎದ್ದ ಗಿರಣಿ ಹತ್ತಿಯದು. ಉಣ್ಣೆಯ ಗಿರಣಿಗಳು ಕಾನ್ಪುರ, ಧಾರಿವಾಲ್‌ಗಳಲ್ಲಿ ಬೆಳೆದವು. ಅವುಗಳ ನಯವಾದ ಬಟ್ಟೆಗೆ ದಖನಿಯ ಒರಟು ಉಣ್ಣೆ ಒಗ್ಗಲಿಲ್ಲ. ಅದು ಕೈಮಗ್ಗದ ಕಂಬಳಿಗೇ ಉಳಿಯಿತು. ಘಟಪ್ರಭೆಯ ಮೇಲೆ ಧೂಪದಾಳದ ಒಡ್ಡು, ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ಬಂದವು. ಕಾಲುವೆಯ ನೀರಿನೊಂದಿಗೆ ಕಬ್ಬು ಹಬ್ಬಿತು. ಮೇಯಲು ಬಿಡುತ್ತಿದ್ದ ಬೀಳು ಕಡಿಮೆಯಾಯಿತು. ಅಗ್ಗದ ಸಿಂಥೆಟಿಕ್ ಹೊದಿಕೆಗಳು ಸಂತೆಗೆ ಬಂದವು. ಮಾಂಸಕ್ಕೆ ಬೇಗ ತೂಗುವ, ಉಣ್ಣೆಯಿಲ್ಲದ ತಳಿಗಳೊಂದಿಗೆ ಬೆರಕೆ ನಡೆಯಿತು. ಇಂದು ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಇತ್ತ ನಮ್ಮ ದೇಶದಲ್ಲಿಯೇ ಬೆಚ್ಚನೆಯ ನೆಲ ಬೇಕಾದವರಿದ್ದಾರೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಹಿಮದ ಗಡಿಗಳಲ್ಲಿ ಸೇವೆಯಲ್ಲಿದ್ದಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು 10 ಯೋಧರು ಹೂತುಹೋದರು. ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕು, ಫೆಬ್ರುವರಿ 11ರಂದು ತೀರಿಕೊಂಡ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆಯ ಬೆಟದೂರಿನವರು. ಆ ಎತ್ತರದ ಬದುಕು ನಮಗೆ ದೂರದ ಸಂಗತಿಯಲ್ಲ. 2021ರಲ್ಲಿ ಲಡಾಖಿನ ಸೋನಮ್ ವಾಂಗ್ಚುಕ್ ಸೈನಿಕರಿಗಾಗಿ ಸೌರಶಾಖದ ಡೇರೆಯೊಂದನ್ನು ಮಾಡಿ ತೋರಿಸಿದರು. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿದ್ದ ರಾತ್ರಿ ಒಳಗೆ 15 ಡಿಗ್ರಿ ಇತ್ತು. ಶಾಖವನ್ನು ಹಿಡಿದಿಡುವ ಅವಾಹಕವಿಲ್ಲದೆ ಇಂಥದು ಸಾಧ್ಯವಿಲ್ಲ.

ಯುರೋಪ್ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಕುರಿ ಉಣ್ಣೆಯ ಹಾಸುಗಳನ್ನು ಮನೆಯ ಗೋಡೆ, ನೆಲಗಳಲ್ಲಿ ತುಂಬಲು ಮಾರುತ್ತಾರೆ. ಅದಕ್ಕೆ ನಯವಾದ ಉಣ್ಣೆ ಬೇಕಿಲ್ಲ, ಒರಟಾದದ್ದೇ ಆಗಬಹುದು. ತೊಳೆಯಬೇಕು, ಹಿಂಜಬೇಕು, ನುಸಿ ಹಿಡಿಯದಂತೆ ಬೋರಾಕ್ಸ್‌ನಂಥ ಲವಣದಿಂದ ಸಂಸ್ಕರಿಸಬೇಕು. ದಖನಿ ಉಣ್ಣೆಯ ಒರಟುತನ ಬಟ್ಟೆಗೆ ದೋಷವಾದರೂ ನೆಲಗಟ್ಟಿಗೆ ದೋಷವಲ್ಲ.

ಶಿಕ್ಷಕರಿಗೊಂದು ಸೂಚನೆ. ರಂಫರ್ಡನ ಪ್ರಯೋಗವನ್ನು ಶಾಲೆಯಲ್ಲೇ ಮಾಡಬಹುದು. ಒಂದೇ ಅಳತೆಯ ಮೂರು ಚೊಂಬುಗಳಲ್ಲಿ ಒಂದೇ ಪ್ರಮಾಣದ ಬಿಸಿನೀರು ತುಂಬಿ, ಮೂರಕ್ಕೂ ಬದಿ ಮತ್ತು ಮೇಲ್ಭಾಗಕ್ಕೆ ಕಂಬಳಿ ಸುತ್ತಿ. ಒಂದನ್ನು ಕಲ್ಲಿನ ಮೇಲೆ, ಒಂದನ್ನು ನಾಲ್ಕು ಮಡಿಕೆಯ ಕಂಬಳಿಯ ಮೇಲೆ, ಇನ್ನೊಂದನ್ನು ಕೆಳಗಿನಿಂದ ಫ್ಯಾನಿನ ಗಾಳಿ ಹಾಯುವಂತೆ ಜಾಲರಿಯ ಮೇಲೆ ಇಡಿ. ಐದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆಯಿರಿ. ಕಂಬಳಿಯನ್ನು ಒದ್ದೆ ಮಾಡಿ ಮತ್ತೊಮ್ಮೆ ಮಾಡಿ ನೋಡಿ. ಕಂಬಳಿ ತರಲು ಮಕ್ಕಳಿಗೆ ಹೇಳಿದರೆ, ಯಾರ ಮನೆಯಲ್ಲಿ ಇನ್ನೂ ಕೈನೇಯ್ಗೆಯ ಕಂಬಳಿ ಇದೆ, ಅದನ್ನು ನೇಯ್ದವರು ಯಾರು, ಈಗ ಅವರು ಏನು ಮಾಡುತ್ತಿದ್ದಾರೆ ಎಂಬುದೂ ಅದೇ ದಿನ ತಿಳಿಯುತ್ತದೆ.